ಸೂಡಿಯ ಫ್ರೂಟ್ ಸಲಾಡ್: ಶಾಸನ, ವಾಸ್ತು ಹಾಗೂ ಒಂದು ಬೋಗುಣಿಯ ಬೆಳಕಿನಲ್ಲಿ

ಪೀಠಿಕೆ

ಗಜೇಂದ್ರಗಡ ತಾಲ್ಲೂಕಿನ (ಕೆಲವು ವರ್ಷಗಳ ಹಿಂದಿನವರೆಗೆ ರೋಣ ತಾಲ್ಲೂಕಿನ) ಸೂಡಿ ಗ್ರಾಮದ ಗುಡಿಗಳ ಮೇಲೆ ನಡೆದಷ್ಟು ಸಂಶೋಧನೆ ಆ ಊರಿನ ಅಡುಗೆಮನೆಗಳ ಮೇಲೆ ನಡೆದಿಲ್ಲವೆಂಬುದು ವಿದ್ವತ್‌ಲೋಕಕ್ಕೆ ಶೋಭೆ ತರುವ ಸಂಗತಿಯಲ್ಲ. ಜೆ. ಎಫ್. ಫ್ಲೀಟ್ ಸಾಹೇಬರು ಸೂಡಿಯ ತಾಮ್ರಪಟವನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 3ನೆಯ ಸಂಪುಟದಲ್ಲಿ ಓದಿಕೊಟ್ಟರು. ಎಲ್. ಡಿ. ಬಾರ್ನೆಟ್ ಅವರು 15ನೆಯ ಸಂಪುಟದಲ್ಲಿ ಇಲ್ಲಿನ ಕಲ್ಬರಹಗಳನ್ನು ಸಾಲಾಗಿ ಸಂಪಾದಿಸಿದರು. ಇಬ್ಬರೂ ಫ್ರೂಟ್ ಸಲಾಡ್ ಬಗ್ಗೆ ಒಂದಕ್ಷರ ಬರೆದಿಲ್ಲ. ಆ ಮೌನವೇ ಈ ಪ್ರಬಂಧದ ಮುಖ್ಯ ಆಕರ.

ಮೌನ ಆಕರವಾಗುವುದು ಹೇಗೆ ಎಂದು ಕೇಳುವವರು ಸಂಶೋಧನೆಗೆ ಹೊಸಬರು. ನಮ್ಮಲ್ಲಿ ಚಾಲ್ತಿಯಲ್ಲಿರುವ ಸೂತ್ರ ಸರಳವಾಗಿದೆ: ಒಂದು ಸಂಗತಿ ಶಾಸನದಲ್ಲಿದ್ದರೆ ಅದು ಆ ಕಾಲದಲ್ಲಿ ಇತ್ತು, ಇಲ್ಲದಿದ್ದರೆ, ಎಲ್ಲರ ಮನೆಯಲ್ಲೂ ಇದ್ದುದರಿಂದ ಕಲ್ಲು ದಂಡ ಮಾಡಲಿಲ್ಲ. ಈ ಸೂತ್ರ ಹಿಡಿದು ವಿಮಾನವನ್ನೇ ಹಾರಿಸಿದವರಿದ್ದಾರೆ. ನಾವು ಕೇಳುತ್ತಿರುವುದು ಬರೀ ಹೆಚ್ಚಿದ ಹಣ್ಣು.

ಪ್ರಬಂಧದ ಮೂಲಪ್ರಶ್ನೆ: ಏಪ್ರಿಲ್ ತಿಂಗಳ ಮಧ್ಯಾಹ್ನ, ಸೂಡಿಯ ಒಂದು ಮನೆಯಲ್ಲಿ, ಸಿಕ್ಕ ಉಷ್ಣವಲಯದ ಹಣ್ಣುಗಳಿಂದ ಹೊಟ್ಟೆ ತಂಪಾಗುವಂಥ ಫ್ರೂಟ್ ಸಲಾಡ್ ಮಾಡಬಹುದೇ? ಉಪಪ್ರಶ್ನೆ: ಇದನ್ನು ಜಗತ್ತಿನಲ್ಲಿ ಮೊಟ್ಟಮೊದಲು ಮಾಡಿದವರು ಸೂಡಿಯವರೇ ಎಂದು ಸಾಧಿಸಬಹುದೇ? ಅನುದಾನ ಸಿಗುವುದು ಯಾವಾಗಲೂ ಉಪಪ್ರಶ್ನೆಗೆ ಎಂಬುದನ್ನು ಮಾನ್ಯ ಓದುಗರು ಬಲ್ಲರು.

ಮಾರ್ಗದರ್ಶಕರಾಗಿ ನಮ್ಮ ದೊಡ್ಡವ್ವ ಒಪ್ಪಿಕೊಂಡರು. ಅವರ ಶೈಕ್ಷಣಿಕ ಅರ್ಹತೆ ಎಂದರೆ ಮನೆಯ ಈಳಿಗಿ ಅವರ ಸುಪರ್ದಿಯಲ್ಲಿರುವುದು. ಪ್ರಬಂಧದ ಸಾರಾಂಶ ಕೇಳಿ ಅವರು ಕೊಟ್ಟ ಮೊದಲ ಸಲಹೆಯನ್ನು ಇಲ್ಲಿ ಯಥಾವತ್ತಾಗಿ ದಾಖಲಿಸುತ್ತೇನೆ: “ಅಲ್ಲೋ ತಮ್ಮಾ, ನಾಕ ಹಣ್ಣ ಹೆಚ್ಚಾಕ ಇಷ್ಟ ಪುಸ್ತಕ ಯಾಕ ಬೇಕು? ಕೈ ತೊಳಕೊಂಡು ಬಾ.”

ಅಧ್ಯಾಯ ಒಂದು: ಭೌಗೋಳಿಕ ಪಾತ್ರತೆ

ಸಲಾಡ್ ಉಷ್ಣವಲಯದ್ದೇ ಆಗಿರಬೇಕೆಂಬುದು ಮೊದಲ ಷರತ್ತು. ಕರ್ಕಾಟಕ ಸಂಕ್ರಾಂತಿ ವೃತ್ತ ಸುಮಾರು 23.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸೂಡಿ 15 ಮತ್ತು 16ರ ನಡುವೆ. ಹೀಗಾಗಿ ಈ ಊರು ಉಷ್ಣವಲಯದ ಅಂಚಿನಲ್ಲಿಲ್ಲ, ಒಳಮನೆಯಲ್ಲೇ ಇದೆ. ನಂಬದವರು ಏಪ್ರಿಲ್‌ನಲ್ಲಿ ಬರಬೇಕು. ಎರಿ ಹೊಲ ಬಾಯಿ ಬಿಟ್ಟುಕೊಂಡು ಬಿದ್ದಿರುತ್ತದೆ, ನಾಯಿಗಳು ಗುಡಿಯ ಜಗಲಿಯ ನೆರಳಿಗೆ ಪಾಳಿ ಹಚ್ಚಿರುತ್ತವೆ, ಹೊಲದ ಬದುವಿನ ಬಾರಿಗಿಡದಲ್ಲಿ ಒಣಗಿ ಉಳಿದ ಒಂದು ಕಾಯಿಯೂ ಶಾಸ್ತ್ರೋಕ್ತವಾಗಿ ಉಷ್ಣವಲಯದ ಹಣ್ಣೆನಿಸಿಕೊಳ್ಳುತ್ತದೆ.

ಸೇಬಿನ ಪ್ರಶ್ನೆ ಮಾತ್ರ ಜಟಿಲ. ಮೈಮೇಲೆ ಚೀಟಿ ಅಂಟಿಸಿಕೊಂಡು ತಂಪು ದೇಶದಿಂದ ಬರುವ ಹಣ್ಣು ಅದು. ಆದರೆ ಗಜೇಂದ್ರಗಡದ ಬಂಡಿಯೊಂದರ ಮೇಲೆ ಏಪ್ರಿಲ್‌ನ ಎರಡು ದಿನ ಕಳೆದ ಸೇಬಿಗೆ ಸ್ಥಳೀಯ ನಿವಾಸಿಯ ಸ್ಥಾನಮಾನ ಕೊಡದಿರುವುದು ಅಮಾನವೀಯ. ಅದನ್ನು ‘ವಲಸೆ ವರ್ಗ’ದಲ್ಲಿಟ್ಟು ಮುಂದೆ ಹೋಗೋಣ.

ಅಧ್ಯಾಯ ಎರಡು: ಕಾಲನಿರ್ಣಯ, ಅಥವಾ ಅಕ್ಕಾದೇವಿ ಏನು ತಿಂದಳು?

ಕಲ್ಯಾಣದ ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಸೋದರಿ ಅಕ್ಕಾದೇವಿ 11ನೆಯ ಶತಮಾನದಲ್ಲಿ ಕಿಸುಕಾಡು-70ನ್ನು ಆಳಿದವಳು. ಗುಣದಬೆಡಂಗಿ ಎಂಬ ಬಿರುದು ಒಂದು ಕಡೆ, ರಣದಲ್ಲಿ ಭೈರವಿ ಎಂಬ ಹೊಗಳಿಕೆ ಇನ್ನೊಂದು ಕಡೆ. ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ ಗಟ್ಟಿಗಿತ್ತಿ. ಸೂಡಿಯ ಶಾಸನಗಳಲ್ಲಿ ಆಕೆಯ ಹೆಸರು ಮತ್ತೆ ಮತ್ತೆ ಬರುತ್ತದೆ. ಇಂಥವಳಿಗೆ ಬೇಸಿಗೆಯಲ್ಲಿ ಒಂದು ಬಟ್ಟಲು ಫ್ರೂಟ್ ಸಲಾಡ್ ಸಿಕ್ಕಿರಲೇಬೇಕು ಎಂಬುದು ನಮ್ಮ ಪ್ರಮೇಯ. ಆ ಬಟ್ಟಲಿಗೆ ಒಂದೊಂದೇ ಹಣ್ಣು ಹಾಕುತ್ತ ಹೋಗೋಣ.

ಪಪ್ಪಾಯಿ? ಅಮೆರಿಕ ಖಂಡದ ಗಿಡ. ಅನಾನಸ್? ಕೊಲಂಬಸ್ 1493ರಲ್ಲಿ ಗ್ವಾಡೆಲೂಪ್ ದ್ವೀಪದಲ್ಲಿ ಕಂಡದ್ದು; ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಇಳಿದದ್ದು. ಜಹಾಂಗೀರ್ ಬಾದಶಹನೇ ತನ್ನ ದಿನಚರಿಯಲ್ಲಿ ಅದನ್ನು ಫರಂಗಿಗಳ ಬಂದರಿನಿಂದ ಬಂದ ಅಪರೂಪದ ಹಣ್ಣು ಎಂಬಂತೆ ವರ್ಣಿಸುತ್ತಾನೆ. ಪೇರಲ? ಅದೂ ಅಮೆರಿಕ. ಚಿಕ್ಕು? ಅಮೆರಿಕ. ನಮ್ಮ ಗುಡ್ಡದ ಕಲ್ಲುಸಂದಿಯಲ್ಲಿ ತಾನೇ ತಾನಾಗಿ ಹುಟ್ಟಿ, ಯಾರಪ್ಪನ ಮನೆಯ ಆಸ್ತಿಯೆಂಬಂತೆ ಕೂತಿರುವ ಸೀತಾಫಲ? ಅದರ ತವರೂ ಅಮೆರಿಕವೇ ಎನ್ನುತ್ತಾರೆ ಸಸ್ಯಶಾಸ್ತ್ರಜ್ಞರು. ಭರ್ಹುತದ ಹಳೆಯ ಶಿಲ್ಪಗಳಲ್ಲಿ ಸೀತಾಫಲ ಕಂಡವರೂ ಇದ್ದಾರೆ. ಆ ಪಂಗಡದ ಮೇಲೆ ನನಗೆ ಮೊದಲಿನಿಂದಲೂ ಒಲವು. ಆದರೆ ಒಲವನ್ನು ಬಟ್ಟಲಿಗೆ ಹಾಕಲಾಗದು.

ಹಾನಿ ಹಣ್ಣಿಗೇ ನಿಲ್ಲುವುದಿಲ್ಲ. ಮೆಣಸಿನಕಾಯಿಯೂ ಅದೇ ಹಡಗಿನ ಸರಕು, ಶೇಂಗಾ ಕೂಡ. ಎಂದರೆ ಅಕ್ಕಾದೇವಿಯ ಸೂಡಿಯಲ್ಲಿ ಮಿರ್ಚಿ ಭಜಿ ಇರಲಿಲ್ಲ, ಕೆಂಪು ಖಾರದ ಚಟ್ನಿ ಇರಲಿಲ್ಲ, ಶೇಂಗಾ ಹಿಂಡಿ ಇರಲಿಲ್ಲ. ಶೇಂಗಾ ಹಿಂಡಿ ಇಲ್ಲದೆ ಎಪ್ಪತ್ತು ಹಳ್ಳಿಯ ನಾಡನ್ನು ಅಷ್ಟು ವರ್ಷ ಹತೋಟಿಯಲ್ಲಿಟ್ಟದ್ದು ಹೇಗೆ ಎಂಬುದು ಚಾಲುಕ್ಯ ಇತಿಹಾಸದ ನಿಜವಾದ ಒಗಟು. ಇದನ್ನು ಯಾವ ಇತಿಹಾಸಕಾರರೂ ಕೈಗೆತ್ತಿಕೊಂಡಿಲ್ಲ. ಬಹುಶಃ ಗೋಕಾಕದ ಮೇಲಿನ ಸಿಟ್ಟಿಗೂ ಇದಕ್ಕೂ ಸಂಬಂಧವಿದೆ.

ಉಳಿದದ್ದೇನು? ಮಾವು, ಬಾಳೆ, ಹಲಸು, ನೇರಲ, ಬಾರಿಹಣ್ಣು, ಮಾದಲಹಣ್ಣು, ಮತ್ತು ಪರ್ಷಿಯಾದ ಕಡೆಯಿಂದ ಬಹು ಹಿಂದೆಯೇ ಬಂದು ನೆಲೆಸಿದ ದಾಳಿಂಬೆ. ಇದೂ ಕಡಿಮೆಯೇನಲ್ಲ. ಅಕ್ಕಾದೇವಿಯ ಸೋದರನ ಆಳ್ವಿಕೆಯಲ್ಲೇ, ಸುಮಾರು 1025ರಲ್ಲಿ, ಚಾವುಂಡರಾಯನೆಂಬ ಕವಿ ‘ಲೋಕೋಪಕಾರ’ ಬರೆದ. ಪಂಚಾಂಗದಿಂದ ಹಿಡಿದು ಬಾವಿ ತೋಡುವ ಜಾಗ ಗುರುತಿಸುವವರೆಗೆ ಲೋಕಕ್ಕೆ ಬೇಕಾದ ಎಲ್ಲವೂ ಅದರಲ್ಲಿದೆ. ಅಡುಗೆಗೆ, ಅಂದರೆ ಸೂಪಶಾಸ್ತ್ರಕ್ಕೆ, ಒಂದು ಅಧ್ಯಾಯವೇ ಮೀಸಲು. ಕವಿಯೂ ಇದ್ದ, ರಾಣಿಯೂ ಇದ್ದಳು, ಹಣ್ಣೂ ಇತ್ತು, ಸೆಖೆಯೂ ಇತ್ತು. ಇಷ್ಟೆಲ್ಲ ಕೂಡಿಬಂದ ಮೇಲೂ ಫ್ರೂಟ್ ಸಲಾಡ್ ಆಗಿರಲಿಲ್ಲ ಎನ್ನುವವರೇ ಪುರಾವೆ ಒದಗಿಸಬೇಕು.

ಪುರಾವೆಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಫ್ಲೀಟ್ ಸಾಹೇಬರು ಓದಿದ ಸೂಡಿಯ ತಾಮ್ರಪಟ ಶಕವರ್ಷ 860ರದ್ದು (ಕ್ರಿ.ಶ. 938) ಎಂದು ತಾನೇ ಹೇಳಿಕೊಳ್ಳುತ್ತದೆ. ಗಂಗರ ಬೂತುಗ, ತನ್ನ ರಾಣಿ ದೀವಳಾಂಬಾ ಇಲ್ಲಿ ಕಟ್ಟಿಸಿದ ಬಸದಿಗೆ ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ಎಲ್ಲ ಓದಿದ ಮೇಲೆ ಸಾಹೇಬರು ಇದು ಕೂಟಶಾಸನ, ಎಂದರೆ ಖೋಟಾ, ಎಂದು ಷರಾ ಬರೆದರು. ತಾಮ್ರದ ಮೇಲೆ ಕೊರೆಸಿದ್ದೇ ಖೋಟಾ ಆಗಬಹುದಾದರೆ, ಕಾಗದದ ಮೇಲೆ ಬರೆಯುತ್ತಿರುವ ಈ ಅಧ್ಯಾಯದ ಬಗ್ಗೆ ಓದುಗರು ಬಿಗಿಯಾಗಬಾರದೆಂದು ವಿನಂತಿ.

ಅಧ್ಯಾಯ ಮೂರು: ಕ್ಷೇತ್ರಕಾರ್ಯ

ಹಣ್ಣಿಗಾಗಿ ಗಜೇಂದ್ರಗಡಕ್ಕೆ ಹೋಗಬೇಕು. ಪಪ್ಪಾಯಿಯ ಪಕ್ವತೆಯನ್ನು ತೊಟ್ಟಿನ ಬಳಿ ಹೆಬ್ಬೆರಳಿನಿಂದ ಒತ್ತಿ ಅಳೆಯಬೇಕೆಂಬುದು ವಿಧಾನ. ಮೈಮೇಲೆ ಹಳದಿ ಪಟ್ಟೆ ಅರ್ಧಕ್ಕಿಂತ ಹೆಚ್ಚು ಹಬ್ಬಿರಬೇಕು, ಒತ್ತಿದ ಜಾಗ ತುಸು ತಗ್ಗಬೇಕು. ಬಂಡಿಯವನಿಗೆ ಈ ವಿಧಾನ ಮಾನ್ಯವಾಗಿರಲಿಲ್ಲ. “ಒತ್ತಬ್ಯಾಡ್ರಿ ಸರ, ಅದೇನ ಮನಿ ಬೆಲ್ ಅಲ್ಲ. ನಾ ಆರಿಸಿ ಕೊಡ್ತೀನ್ರಿ.” ಅವನು ಆರಿಸಿಕೊಟ್ಟದ್ದು ಸರಿಯಾಗಿತ್ತು. ಕ್ಷೇತ್ರಕಾರ್ಯದಲ್ಲಿ ಮಾಹಿತಿದಾರನನ್ನು ನಂಬಬೇಕೆಂಬುದಕ್ಕೆ ಇದು ನಿದರ್ಶನ. ಆಪೂಸ್ ಮಾವು ಮಾತ್ರ ಮೂಸಿ ಕೊಳ್ಳಬೇಕು, ಅಲ್ಲಿ ಯಾರನ್ನೂ ನಂಬುವಂತಿಲ್ಲ. ತೊಟ್ಟಿನ ಹತ್ತಿರ ವಾಸನೆ ಇಲ್ಲದ ಆಪೂಸಿಗೆ ರುಚಿಯೂ ಇರುವುದಿಲ್ಲ, ಬಣ್ಣ ಎಷ್ಟೇ ಬಂಗಾರವಾಗಿರಲಿ.

ಬಾಳೆಯಲ್ಲಿ ಜವಾರಿಯೇ ಆಗಬೇಕು. ಉದ್ದನೆಯ ಪಚ್ಚಬಾಳೆ ಹೆಚ್ಚಿದ ಸ್ವಲ್ಪ ಹೊತ್ತಿಗೇ ಮೆತ್ತಗಾಗಿ ಉಳಿದವರ ಮೇಲೆ ಒರಗುತ್ತದೆ. ಪೇರಲಕ್ಕೆ ಇದು ಕಾಲವಲ್ಲ, ಸೀತಾಫಲಕ್ಕೆ ದೀಪಾವಳಿಯ ಹಿಂದುಮುಂದಿನವರೆಗೆ ಕಾಯಬೇಕು. ಇತಿಹಾಸ ಅವೆರಡನ್ನೂ ಹೊರಹಾಕಿದ ಮೇಲೆ ಋತುಮಾನವೂ ಅದನ್ನೇ ಎತ್ತಿಹಿಡಿದಿದೆ.

ಹಣ ಕೊಡುವಾಗ ಒಂದು ಚಾರಿತ್ರಿಕ ಕ್ಷಣ ಎದುರಾಯಿತು. ಚಾಲುಕ್ಯರ ಕಾಲದಲ್ಲಿ ಸೂಡಿಯಲ್ಲಿ ಟಂಕಸಾಲೆ ಇತ್ತು. ಲಕ್ಕುಂಡಿಯಂತೆ ಇಲ್ಲಿಯೂ ನಾಣ್ಯ ಅಚ್ಚಾಗುತ್ತಿದ್ದವು. ಆ ಊರಿನಿಂದ ಬಂದವನು ಜೇಬು ತಡಕಾಡುತ್ತ ನಿಂತಾಗ ಬಂಡಿಯವನು ತಕ್ಕಡಿಗೆ ಆನಿಸಿಟ್ಟ ಸ್ಕ್ಯಾನರ್ ಹಲಗೆ ತೋರಿಸಿ, “ಚಿಲ್ಲರ ಇಲ್ರಿ, ಫೋನ್‌ಪೇ ಮಾಡ್ರಿ” ಎಂದ.

ಅಧ್ಯಾಯ ನಾಲ್ಕು: ಎಂಟು ಸೆಟ್ಟಿಗಳು, ಎಂಬತ್ತು ಒಕ್ಕಲು

ಇದು ಪ್ರಬಂಧದ ತಿರುಳು. ಚೋಳರ ಯುದ್ಧದಲ್ಲಿ ಹದಗೆಟ್ಟಿದ್ದ ಸೂಡಿಯ ವರ್ತಕ ಸಮುದಾಯದ ಕಟ್ಟುಪಾಡನ್ನು ಅಕ್ಕಾದೇವಿ 1050-51ರ ಹೊತ್ತಿಗೆ ನವೀಕರಿಸಿಕೊಟ್ಟ ಸಂಗತಿ ಇಲ್ಲಿನ ಶಾಸನವೊಂದರಲ್ಲಿದೆ. ಅದರಲ್ಲಿ ಬರುವುದು ಎಂಟು ಸೆಟ್ಟಿಗಳು ಮತ್ತು ಎಂಬತ್ತು ಒಕ್ಕಲು. ವಿದ್ವಾಂಸರು ಇದನ್ನು ಶ್ರೇಣಿವ್ಯವಸ್ಥೆಯ ದಾಖಲೆ ಎಂದುಕೊಂಡು ಸುಮ್ಮನಾಗಿದ್ದಾರೆ. ನನ್ನ ಓದಿನಲ್ಲಿ ಇದು ಪಾಕವಿಧಾನ: ಎಂಟು ಬಗೆಯ ಹಣ್ಣು, ಎಂಬತ್ತು ಹೋಳು.

ಪ್ರಯೋಗಕ್ಕೆ ಇಳಿದೆವು. ಮಾವು, ಪಪ್ಪಾಯಿ, ಬಾಳೆ, ಅನಾನಸ್, ದಾಳಿಂಬೆ, ಕಲ್ಲಂಗಡಿ, ಚಿಕ್ಕು, ಜೊತೆಗೆ ವಲಸೆ ವರ್ಗದ ಸೇಬು. ಸೆಟ್ಟಿಗಳು ಎಂಟೂ ಹಾಜರು. ಒಕ್ಕಲು ಎಣಿಸುವಾಗ ತಕರಾರು ಎದ್ದಿತು. ದಾಳಿಂಬೆಯ ಒಂದೊಂದು ಕಾಳನ್ನೂ ಒಂದು ಒಕ್ಕಲೆಂದು ಹಿಡಿದರೆ ಎಂಬತ್ತು ಅಲ್ಲಿಗೇ ಮುಗಿದು ಉಳಿದ ಏಳು ಸೆಟ್ಟಿಗಳು ನಿರ್ಗತಿಕರಾಗುತ್ತಾರೆ. ದೊಡ್ಡವ್ವ ಈ ವಿದ್ವತ್ ಚರ್ಚೆಯನ್ನು ಆಲಿಸುತ್ತಲೇ ದಾಳಿಂಬೆಯನ್ನು ಅಡ್ಡ ಸೀಳಿ, ಅಂಗೈ ಮೇಲೆ ಬೋರಲು ಹಿಡಿದು, ಬೆನ್ನಿಗೆ ಸೌಟಿನಿಂದ ನಾಲ್ಕು ಬಾರಿಸಿದರು. ಕಾಳೆಲ್ಲ ಬೋಗುಣಿಗೆ ಉದುರಿತು, ಬಿಳಿ ಪೊರೆ ಸಿಪ್ಪೆಯಲ್ಲೇ ಉಳಿಯಿತು. ಜನಗಣತಿ ಅಲ್ಲಿಗೆ ರದ್ದಾಯಿತು.

ಹೆಚ್ಚುವ ಕ್ರಮದಲ್ಲಿ ಶ್ರೇಣಿ ಇದೆ, ಅದನ್ನು ಮೀರಬಾರದು. ಗಟ್ಟಿ ಹಣ್ಣು ಮೊದಲು, ನೀರಿನ ಹಣ್ಣು ಕೊನೆಗೆ. ಅನಾನಸ್‌ನ ಕಣ್ಣುಗಳು ಓರೆಯಾಗಿ ಸುತ್ತಿಕೊಂಡು ಹೋಗಿರುತ್ತವೆ. ಅದೇ ಸಾಲು ಹಿಡಿದು ಓರೆ ಗೀರು ಹಾಕಿ ತೆಗೆದರೆ ತಿರುಳು ಉಳಿಯುತ್ತದೆ, ಸಿಟ್ಟಿನಿಂದ ದಪ್ಪಗೆ ಹೆರೆದರೆ ಕೈಗೆ ದಿಂಡೇ ಬರುತ್ತದೆ. ಪಪ್ಪಾಯಿಯ ಸಿಪ್ಪೆ ಮಾತ್ರ ಧಾರಾಳವಾಗಿ ತೆಗೆಯಬೇಕು. ಸಿಪ್ಪೆಯ ಅಡಿಯ ಹಸಿರು ಪದರದಲ್ಲಿ ಹಾಲಿನಂಥ ಅಂಟಿರುತ್ತದೆ, ಕಹಿಯ ಮೂಲ ಅದು. ಸೇಬು ಬಾಳೆಗಳು ಹೆಚ್ಚಿದ ಕೂಡಲೇ ಗಾಳಿ ತಾಗಿ ಕಂದುತ್ತವೆ. ಅವುಗಳೊಳಗಿನ ಒಂದು ಕಿಣ್ವ ಆಮ್ಲಜನಕದೊಡನೆ ಸೇರಿ ಮಾಡುವ ಕೆಲಸ ಇದು. ಹುಳಿ ಆ ಕಿಣ್ವದ ಕೈ ಕಟ್ಟುತ್ತದೆ. ಆದ್ದರಿಂದ ಬೋಗುಣಿಯ ತಳಕ್ಕೆ ಮೊದಲೇ ಒಂದು ನಿಂಬೆಹಣ್ಣು ಹಿಂಡಿಟ್ಟು ಹೋಳುಗಳನ್ನು ನೇರ ಅದರೊಳಗೆ ಬೀಳಿಸಬೇಕು. ಕಲ್ಲಂಗಡಿ ಕಟ್ಟಕಡೆಗೆ, ತಿನ್ನುವವರು ಕೂತ ಮೇಲೆ.

ಪ್ರಮಾಣ, ಆರು ಜನರಿಗೆ: ಮಾವು 2, ಜವಾರಿ ಬಾಳೆ 4, ಪಪ್ಪಾಯಿ ಅರ್ಧ, ಅನಾನಸ್ ಕಾಲು, ದಾಳಿಂಬೆ 1, ಚಿಕ್ಕು 2, ಸೇಬು 1, ಕಲ್ಲಂಗಡಿ ಒಂದು ಬಟ್ಟಲು. ಸಕ್ಕರೆ 2 ಚಮಚ, ಉಪ್ಪು ಚಿಟಿಕೆ, ಏಲಕ್ಕಿ ಎರಡು ಕುಟ್ಟಿದ್ದು. ಸಕ್ಕರೆ ಉಪ್ಪು ಬಿದ್ದ ಹತ್ತು ನಿಮಿಷಕ್ಕೆ ಹೋಳುಗಳಿಂದ ರಸ ಹೊರಬಂದು ತಳದಲ್ಲಿ ನಿಲ್ಲುತ್ತದೆ. ಆ ರಸದ ಮೇಲೆ ಮುಂದೆ ವ್ಯಾಜ್ಯ ಏಳಲಿದೆ, ಗಮನದಲ್ಲಿರಲಿ.

ಹೋಳಿನ ಗಾತ್ರದ ಬಗ್ಗೆ ಶಿಲ್ಪಶಾಸ್ತ್ರದ ಅಂಗುಲಮಾನವನ್ನು ಅನ್ವಯಿಸಬೇಕೆಂದು ನಾನು ವಾದಿಸಿದೆ. ದೊಡ್ಡವ್ವ: “ಬಾಯಾಗ ಹಿಡದ್ರ ಸಾಕು.”

ಅಧ್ಯಾಯ ಐದು: ಕಸ್ಟರ್ಡ್ ಸಮಸ್ಯೆ ಮತ್ತು ಜೋಡುಕಳಸ ಸಿದ್ಧಾಂತ

ಉತ್ತರ ಕರ್ನಾಟಕದ ಮದುವೆ ಊಟದಲ್ಲಿ ಫ್ರೂಟ್ ಸಲಾಡ್ ಎಂದರೆ ಹಳದಿ ಕಸ್ಟರ್ಡಿನಲ್ಲಿ ಮುಳುಗಿದ ಹಣ್ಣು. ಈ ಹಳದಿ ಎಲ್ಲಿಂದ ಬಂತು? ಬರ್ಮಿಂಗ್‌ಹ್ಯಾಮಿನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ ಇದ್ದ. ಅವನ ಹೆಂಡತಿಗೆ ಮೊಟ್ಟೆ ಆಗಿಬರುತ್ತಿರಲಿಲ್ಲ, ಕಸ್ಟರ್ಡ್ ಮೇಲೆ ಆಸೆ. 1837ರಲ್ಲಿ ಅವನು ಮೊಟ್ಟೆಯ ಬದಲು ಗೋವಿನಜೋಳದ ಪಿಷ್ಟ ಹಾಕಿ ಪುಡಿ ತಯಾರಿಸಿದ. ಆ ಮಹಾತಾಯಿಗೆ ಮೊಟ್ಟೆ ಜೀರ್ಣವಾಗಿದ್ದರೆ ನಮ್ಮ ಕಡೆಯ ಲಿಂಗಾಯತ ಮದುವೆಗಳ ಕೊನೆಯ ಕಪ್ಪು ಖಾಲಿ ಉಳಿಯುತ್ತಿತ್ತು. ಇಷ್ಟನ್ನು ವಿವರಿಸಿದಾಗ ಮಾರ್ಗದರ್ಶಕರು, “ಅಂದ್ರ ಗ್ವಾವಿನಜ್ವಾಳದ ಸಿಹಿ ಅಂಬಲಿ ಅನ್ನು” ಎಂದು ಇಡೀ ಬರ್ಮಿಂಗ್‌ಹ್ಯಾಮನ್ನು ಒಂದೇ ಮಾತಿನಲ್ಲಿ ಮುಗಿಸಿದರು.

ಸಮಸ್ಯೆ ಇರುವುದು ಹಾಲಿನಲ್ಲಿ. ಪಪ್ಪಾಯಿಯಲ್ಲಿ ಪಪೈನ್, ಅನಾನಸ್‌ನಲ್ಲಿ ಬ್ರೋಮೆಲೈನ್ ಎಂಬ ಕಿಣ್ವಗಳಿವೆ. ಎರಡೂ ಪ್ರೋಟೀನು ಕತ್ತರಿಸುವ ಜಾತಿ. ಹಸಿ ಅನಾನಸ್ಸನ್ನು ಹಾಲಿನ ಕಸ್ಟರ್ಡಿನಲ್ಲಿ ಬಿಟ್ಟರೆ ಅವು ಹಾಲಿನ ಪ್ರೋಟೀನನ್ನು ತುಂಡು ಮಾಡುತ್ತ ಹೋಗುತ್ತವೆ, ತುಂಡುಗಳು ಕಹಿ, ಕಸ್ಟರ್ಡ್ ನೀರು ನೀರು. ಅಡುಗೆಯವರು ಹಾಲಿನವನನ್ನು ಬೈಯುತ್ತಾರೆ. ಪಾಪ, ಅವನದೇನೂ ತಪ್ಪಿಲ್ಲ. ಅನಾನಸ್ ಹೋಳನ್ನು ಸಕ್ಕರೆಯೊಡನೆ ನಾಲ್ಕೈದು ನಿಮಿಷ ಕುದಿಸಿದರೆ ಕಿಣ್ವ ಸಾಯುತ್ತದೆ, ಹಣ್ಣು ಉಳಿಯುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದ 26ನೆಯ ಅಧ್ಯಾಯವಂತೂ ಹುಳಿಹಣ್ಣು ಮತ್ತು ಹಾಲಿನ ಸಂಗವನ್ನೇ ವಿರುದ್ಧಾಹಾರವೆಂದು ಪಟ್ಟಿಗೆ ಹಾಕಿದೆ. ಒಂದು ಕಡೆ ಚರಕ, ಇನ್ನೊಂದು ಕಡೆ ಬರ್ಡ್ ಸಾಹೇಬನ ಹೆಂಡತಿ, ನಡುವೆ ಮನೆಗೆ ಬಂದ ನೆಂಟರು.

ಪರಿಹಾರ ಸೂಡಿಯಲ್ಲೇ ಕಲ್ಲಿನಲ್ಲಿ ನಿಂತಿದೆ. ಒಂದನೆಯ ಸೋಮೇಶ್ವರನ ಕಾಲದಲ್ಲಿ, ಸುಮಾರು 1060ರಲ್ಲಿ, ನಾಗದೇವ ಕಟ್ಟಿಸಿದ ಜೋಡುಕಳಸದ ಗುಡಿಯನ್ನು ನೋಡಿ. ಎರಡು ಗರ್ಭಗುಡಿ, ಎರಡು ಶಿಖರ. ಒಂದಕ್ಕೊಂದು ಮುಖ ಮಾಡಿವೆ, ಒಂದರೊಳಗೊಂದು ಸೇರಿಲ್ಲ. ನಡುವೆ ಇಬ್ಬರಿಗೂ ಸೇರಿದ ಒಂದು ಮಂಟಪ. ಇದೇ ಫ್ರೂಟ್ ಸಲಾಡಿನ ವಾಸ್ತು: ಒಂದು ಬೋಗುಣಿಯಲ್ಲಿ ಹಣ್ಣು, ಎದುರಿಗೆ ಇನ್ನೊಂದರಲ್ಲಿ ಕಸ್ಟರ್ಡ್ (ಅರ್ಧ ಲೀಟರ್ ಹಾಲಿಗೆ 2 ಚಮಚ ಪುಡಿ, ಪುಡಿಯನ್ನು ತಣ್ಣನೆ ಹಾಲಿನಲ್ಲಿ ಕದಡಿಕೊಂಡು ಕುದಿಯುವ ಹಾಲಿಗೆ ಸೇರಿಸಬೇಕು, ಆರುವವರೆಗೆ ಕೈಯಾಡಿಸುತ್ತಿದ್ದರೆ ಕೆನೆಗಟ್ಟುವುದಿಲ್ಲ). ಎರಡೂ ಕೂಡುವುದು ಮಂಟಪದಲ್ಲಿ, ಎಂದರೆ ತಿನ್ನುವವನ ಕಪ್ಪಿನಲ್ಲಿ, ತಿನ್ನುವ ಹೊತ್ತಿಗೆ. ಕಹಿಗೆ ಅವಕಾಶವೇ ಇಲ್ಲ. ಸಾವಿರ ವರ್ಷದಿಂದ ಕಣ್ಣೆದುರು ನಿಂತಿದ್ದ ಈ ಸಿದ್ಧಾಂತವನ್ನು ಪುರಾತತ್ತ್ವದವರು ದ್ವಿಕೂಟ ಎಂದು ಕರೆದು ಟೇಪು ಹಿಡಿದು ಅಳೆದುಕೊಂಡು ಹೋಗಿದ್ದಾರೆ.

ದೊಡ್ಡವ್ವ ಇದನ್ನೇ ಬೆಳಿಗ್ಗೆಯೇ, “ಹಾಲು ಹಣ್ಣು ಬ್ಯಾರೆ ಬ್ಯಾರೆ ಇಡು, ತಿನ್ನೋ ಮುಂದ ಕಲಿಸು” ಎಂದು ಹೇಳಿದ್ದರೆಂದು ಮನೆಮಂದಿ ಸಾಕ್ಷಿ ಹೇಳುತ್ತಾರೆ. ಅದು ಮೌಖಿಕವಾದದ್ದರಿಂದ, ಪುಟಸಂಖ್ಯೆ ಇಲ್ಲದ್ದರಿಂದ, ಪ್ರಬಂಧದಲ್ಲಿ ಉಲ್ಲೇಖಿಸಲು ನಿಯಮಾವಳಿ ಅನುಮತಿಸುವುದಿಲ್ಲ.

ಅಧ್ಯಾಯ ಆರು: ಶೀತಲೀಕರಣ

ಕರೆಂಟ್ ಹೋಗಿತ್ತು. ಹರವಿಯ ಪಕ್ಕದ ಒದ್ದೆ ಉಸುಕಿನಲ್ಲಿ ಬೋಗುಣಿ ಊರಿ, ಮೇಲೆ ಹಸಿ ಅರಿವೆ ಮುಚ್ಚಿದೆವು. ಅರಿವೆಯ ನೀರು ಆರುತ್ತ ಬೋಗುಣಿಯ ಕಾವನ್ನು ಹೊತ್ತೊಯ್ಯುತ್ತದೆ. ಸೂಡಿಯ ಒಣ ಗಾಳಿ ಇದಕ್ಕೆ ಹೇಳಿ ಮಾಡಿಸಿದ್ದು. ಹೆಚ್ಚಿನ ಚರ್ಚೆ ಅನಗತ್ಯ.

ಅಧ್ಯಾಯ ಏಳು: ತಳದ ರಸದ ದಾಯಭಾಗ

ಹಣ್ಣು ಮುಗಿಯಿತು. ಬೋಗುಣಿಯ ತಳದಲ್ಲಿ ಎಂಟೂ ಸೆಟ್ಟಿಗಳ ರಸ ಕೂಡಿ ನಿಂತಿತ್ತು. ಗೊತ್ತಿದ್ದವರು ಹಣ್ಣಿಗಿಂತ ಇದಕ್ಕೇ ಕಾದಿರುತ್ತಾರೆ. ಇದು ಯಾರದು?

ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ ಈ ನೆಲದ ಕಾನೂನು. ಅದರಂತೆ ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಹುಟ್ಟಿನಿಂದಲೇ ಬರುತ್ತದೆ. ಬಂಗಾಳದ ಜೀಮೂತವಾಹನನ ‘ದಾಯಭಾಗ’ ಹಿಡಿದರೆ ಯಜಮಾನ ಕಾಲವಾಗುವವರೆಗೆ ಕಾಯಬೇಕು, ಅಷ್ಟರಲ್ಲಿ ರಸ ಹುಳಿ ಬಂದಿರುತ್ತದೆ. ದೊಡ್ಡವ್ವನ ಮೊಮ್ಮಗ ಮಿತಾಕ್ಷರದ ಪಕ್ಷ ಹಿಡಿದು ಬೋಗುಣಿಗೆ ಕೈ ಹಾಕಿದ. ಅವನ ಅಕ್ಕ ಗದುಗಿನಲ್ಲಿ ಕಾನೂನು ಓದುತ್ತಿರುವವಳು. ದೇಶಕ್ಕೆಲ್ಲ 2005ರಲ್ಲಿ ಬಂದ ಸಮಪಾಲು ಕರ್ನಾಟಕದ ಹೆಣ್ಣುಮಕ್ಕಳಿಗೆ 1994ರಲ್ಲೇ ಬಂದಿದೆ ಎಂದು ಬೋಗುಣಿಯ ಇನ್ನೊಂದು ಕಿವಿ ಹಿಡಿದಳು. ಮದುವೆಯಾದವರು, ಆಗದವರು, ಅಂದು ಊಟಕ್ಕೆ ಬಂದ ನೆಂಟರ ಹಕ್ಕು, ಹೀಗೆ ವಾದ ಬೆಳೆಯಿತು. ನಾನು ಎರಡೂ ಕಡೆಯ ಹೇಳಿಕೆ ಬರೆದುಕೊಳ್ಳುತ್ತಿದ್ದೆ.

ದೊಡ್ಡವ್ವ ಬಂದು ಬೋಗುಣಿ ಕಸಿದುಕೊಂಡರು. ಹರವಿಯಿಂದ ಎರಡು ತಂಬಿಗೆ ನೀರು ಸುರುವಿ, ಅರ್ಧ ನಿಂಬೆಹಣ್ಣು ಹಿಂಡಿ, ಬೆಲ್ಲ ಕದಡಿ, ಚಿಟಿಕೆ ಉಪ್ಪು ಹಾಕಿ ಪಾನಕ ಮಾಡಿ ಲೋಟಗಳಿಗೆ ಹಂಚಿದರು. ಹಿಸ್ಸೆ ಮಾಡಲು ಬಾರದ ಅವಿಭಕ್ತ ಆಸ್ತಿಯನ್ನು ಹೀಗೆ ತೆಳುಮಾಡಿ ಹಂಚಬಹುದೆಂದು ವಿಜ್ಞಾನೇಶ್ವರ ಎಲ್ಲಿಯೂ ಹೇಳಿಲ್ಲವೆಂದು ನಾನು ಲಿಖಿತ ಆಕ್ಷೇಪಣೆ ತಯಾರಿಸುತ್ತಿದ್ದೆ. ವಾದಿ ಪ್ರತಿವಾದಿಗಳು ಅಷ್ಟರಲ್ಲಿ ಲೋಟ ಖಾಲಿ ಮಾಡಿ, ನನ್ನದರ ಕಡೆ ನೋಡುತ್ತಿದ್ದರು.